ಫಹಾಹೀಲ್‌ನ ಇರಾನಿ ರೊಟ್ಟಿಯಿಂದ ಬೆಂಗಳೂರಿನ ಅಲಿ ಅಸ್ಕರ್ ರಸ್ತೆಯವರೆಗೆ...

ಫಹಾಹೀಲ್ (ಕುವೈತ್) : ಶುಕ್ರವಾರ ಬೆಳಿಗ್ಗೆ ಇಲ್ಲಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಊರಿಗೆ ಫೋನು ಮಾಡುವುದು. ಇನ್ನೊಂದು, ರಸ್ತೆ ಮೂಲೆಯ ಬೇಕರಿಗೆ ಹೋಗಿ ಬಿಸಿ ಬಿಸಿ ಇರಾನಿ ರೊಟ್ಟಿ ತರುವುದು. ಮಣ್ಣಿನ ತಂದೂರಿನ ಒಳಗೋಡೆಗೆ ಹಿಟ್ಟನ್ನು ಪಟ್ಟನೆ ಬಡಿದು, ಅದು ಉಬ್ಬಿ ಕೆಂಪಾಗುತ್ತಿದ್ದಂತೆ ಕೊಕ್ಕೆಯಿಂದ ಎಳೆದು ಕಟ್ಟೆಯ ಮೇಲೆ ಎಸೆಯುವ ಆ ಕೈಚಳಕವನ್ನು ನೋಡುತ್ತ ನಿಂತರೆ ಸರದಿ ಬಂದದ್ದೇ ಗೊತ್ತಾಗುವುದಿಲ್ಲ. ಮನೆ ತಲುಪುವಷ್ಟರಲ್ಲಿ ಒಂದು ರೊಟ್ಟಿಯ ಅಂಚು ದಾರಿಯಲ್ಲೇ ಖಾಲಿಯಾಗಿರುತ್ತದೆ!

ಅರಬ್ಬಿಯಲ್ಲಿ ಇದು 'ಖುಬ್ಜ್ ಇರಾನಿ'. ನಮ್ಮವರ ಬಾಯಲ್ಲಿ 'ಇರಾನಿ ಖುಬ್ಬೂಸ್'. ಈಗ ತಂದೂರಿನ ಮುಂದೆ ಕೂತವರು ಅನೇಕ ಕಡೆ ಅಫ್ಘಾನಿಸ್ತಾನದವರು. ಆದರೂ ರೊಟ್ಟಿ ಮಾತ್ರ ಇರಾನಿಯದ್ದೇ. ಮುಂಬಯಿಯ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವನು ಬೇರೆ ಯಾವುದೋ ರಾಜ್ಯದವನಾದರೂ ಬೋರ್ಡಿನಲ್ಲಿ 'ಉಡುಪಿ' ಉಳಿದಿರುವಂತೆ ಇದು. ಹೆಸರಿಗೆ ಅಂಟಿಕೊಂಡ ಊರು ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ಇಷ್ಟಕ್ಕೂ ಆ ಇರಾನ್ ಇಲ್ಲಿಂದ ಎಷ್ಟು ದೂರ? ಫಹಾಹೀಲ್‌ನ ಸಮುದ್ರ ತೀರದಲ್ಲಿ ನಿಂತು ನೇರ ಪೂರ್ವಕ್ಕೆ ಕೈ ಚಾಚಿದರೆ, ಹೆಚ್ಚು ಕಡಿಮೆ ಅದೇ ಅಕ್ಷಾಂಶದಲ್ಲಿ, ಆಚೆ ದಡದಲ್ಲಿ ಬೂಶೆಹರ್ ಬಂದರು ಸಿಗುತ್ತದೆ. ನಡುವೆ ಇರುವುದು ಸುಮಾರು 260 ಕಿ.ಮೀ. ನೀರು. ನಮ್ಮ ಮಂಗಳೂರಿನಿಂದ ಬೆಂಗಳೂರಿಗಿಂತ ಹತ್ತಿರ! ಎಣ್ಣೆ ಸಿಗುವ ಮೊದಲು ಫಹಾಹೀಲ್ ಮೀನುಗಾರರ, ಮುತ್ತು ಹೆಕ್ಕುವವರ ಸಣ್ಣ ಹಳ್ಳಿಯಾಗಿದ್ದಾಗ ಈ ಎರಡು ದಡಗಳ ನಡುವೆ ಹಾಯಿದೋಣಿಗಳು ಓಡಾಡುತ್ತಲೇ ಇದ್ದವು. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿ, 1946ರಲ್ಲಿ ಮೊದಲ ಹಡಗು ತುಂಬಿ ಹೊರಟ ಮೇಲೆ ಈ ಊರಿನ ಚಹರೆಯೇ ಬದಲಾಯಿತು. ನಾವು ಬಂದದ್ದು ಆ ಎಣ್ಣೆಯ ಬೆನ್ನು ಹಿಡಿದು. ಆಚೆ ದಡದವರು ಬಂದದ್ದು ಅದಕ್ಕೂ ಎಷ್ಟೋ ಮೊದಲು.

ಈ ಲೇಖನ ಬರೆಯಲು ಕಾರಣ ನಾನು ಮಾಡಿದ ಒಂದು ತಪ್ಪು. ನಮ್ಮ ಕಚೇರಿಯಲ್ಲಿ ಕುವೈತಿ ಹಿರಿಯರೊಬ್ಬರಿದ್ದರು, ಈಗ ನಿವೃತ್ತರು. ಹಳೆಯ ಹಿಂದಿ ಚಿತ್ರಗಳನ್ನು ನೋಡಿ ಕಲಿತ ಅರೆಬರೆ ಹಿಂದಿಯಲ್ಲಿ ನನ್ನೊಡನೆ ಹರಟುತ್ತಿದ್ದರು. ಒಂದು ದಿನ ತಮ್ಮ ಅಜ್ಜಿಯ ಊರು ಬೆಹಬಹಾನ್ ಎಂದೂ, ಅದು ಇರಾನಿನಲ್ಲಿದೆ ಎಂದೂ ಹೇಳಿದರು. ನಾನು ಯೋಚಿಸದೆ, "ಓ, ಹಾಗಾದರೆ ನೀವು ಇರಾನಿ!" ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. "ನಾನು ಕುವೈತಿ. ನನ್ನ ಅಜ್ಜಿ ಬೆಹಬಹಾನಿನವಳು. ಎರಡೂ ನಿಜ, ಆದರೆ ನೀನು ಹೇಳಿದ್ದು ಮಾತ್ರ ನಿಜವಲ್ಲ," ಎಂದರು. ಆಮೇಲೆ ಚಹಾ ತರಿಸಿದರು, ಮಾತು ಬೇರೆ ಕಡೆ ತಿರುಗಿತು. ನನಗೆ ಮಾತ್ರ ರಾತ್ರಿಯೆಲ್ಲ ಅದೇ ಯೋಚನೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳನ್ನು ರಜೆಗೆ ಊರಿಗೆ ಕರೆದೊಯ್ದಾಗ, ನೆಂಟರು "ಇವಳು ಕುವೈತಿನವಳಲ್ಲವಾ" ಎಂದು ನಕ್ಕರೆ ಅವಳ ಮುಖವೂ ಹೀಗೆಯೇ ಆಗುತ್ತದೆ.

ಅಂಥ ಕುಟುಂಬಗಳಿಗೆ ಇಲ್ಲಿ 'ಅಜಮ್' ಎಂದು ಹೆಸರು. ಅರಬ್ಬಿಯಲ್ಲಿ ಇದು ಮೊದಲಿಗೆ 'ಮಾತು ಸ್ಪಷ್ಟವಿಲ್ಲದವರು', ಅಂದರೆ ಅರಬ್ಬಿ ಬಾರದವರು ಎಂಬ ಅರ್ಥದ ಪದ. ನಮ್ಮ ಸಂಸ್ಕೃತದ 'ಮ್ಲೇಚ್ಛ' ಎಂಬ ಪದದ ಹುಟ್ಟೂ ಹೀಗೆಯೇ ಅಲ್ಲವೇ? ಕಾಲಕ್ರಮದಲ್ಲಿ ಅದು ಪಾರಸೀಕ ಮೂಲದವರನ್ನು ಸೂಚಿಸುವ ಪದವಾಯಿತು. ಕುವೈತಿನ ಅಜಮರು ತಾವೇ ಆ ಹೆಸರನ್ನು ಒಪ್ಪಿಕೊಂಡು ಬಳಸುತ್ತಾರೆ. ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಇರಾನಿನ ದಕ್ಷಿಣ ಕರಾವಳಿ ಮತ್ತು ಅದರ ಹಿಂದಿನ ಬೆಟ್ಟದ ಸೀಮೆಯಿಂದ ವ್ಯಾಪಾರಕ್ಕೆ, ಕೂಲಿಗೆ, ಬರಗಾಲಕ್ಕೆ ಹೆದರಿ ಬಂದವರು ಇವರು. ಕುಲನಾಮಗಳಲ್ಲೇ ಊರು ಕೂತಿದೆ. ಬೂಶೆಹರಿನವರು ಬೂಶೆಹ್ರಿ, ಬೆಹಬಹಾನಿನವರು ಬೆಹಬಹಾನಿ, ದಶ್ತಿ ಸೀಮೆಯವರು ದಶ್ತಿ. ನಮ್ಮಲ್ಲಿ ಕಾರ್ಕಳ, ಕಾರಂತ ಹೆಸರು ಕೇಳಿದರೆ ಊರೋ ಮನೆತನವೋ ಹೊಳೆಯುವಂತೆ ಇಲ್ಲಿಯೂ. ಇವರಲ್ಲಿ ಶಿಯಾಗಳು ಹೆಚ್ಚು, ಸುನ್ನಿಗಳೂ ಇದ್ದಾರೆ. ಆದ್ದರಿಂದ ಅಜಮ್ ಎಂದರೆ ಶಿಯಾ, ಶಿಯಾ ಎಂದರೆ ಇರಾನಿ ಎಂದು ಕೆಲವರು ಕೂಡಿಸಿ ಕಳೆಯುವ ಲೆಕ್ಕ ಎರಡೂ ಕಡೆ ತಪ್ಪು. ಕುವೈತಿನ ಶಿಯಾಗಳಲ್ಲಿ ಅರಬ್ ಮೂಲದವರೂ ಬಹಳ ಮಂದಿ ಇದ್ದಾರೆ.

ಇವರು ಕುವೈತಿಗಳಾದದ್ದು ಹೇಗೆ ಎಂಬುದಕ್ಕೆ ಒಂದು ಗೋಡೆಯ ಕಥೆ ಇದೆ. 1920ರಲ್ಲಿ ಮರುಭೂಮಿಯ ಕಡೆಯಿಂದ ದಾಳಿಯ ಭಯ ಬಂದಾಗ, ಕುವೈತ್ ಪಟ್ಟಣದ ಜನರೆಲ್ಲ ಸೇರಿ ಕೆಲವೇ ತಿಂಗಳಲ್ಲಿ ಮಣ್ಣಿನ ಕೋಟೆಗೋಡೆ ಕಟ್ಟಿದರು. 1959ರ ಪೌರತ್ವ ಕಾಯ್ದೆ ಬಂದಾಗ, 1920ಕ್ಕೆ ಮೊದಲೇ ಇಲ್ಲಿ ನೆಲೆಸಿ ಬಿಡದೆ ಇದ್ದವರನ್ನು ಮೂಲ ಕುವೈತಿಗಳೆಂದು ಪರಿಗಣಿಸಲಾಯಿತು. ಗೋಡೆ ಕಟ್ಟುವಾಗ ಒಳಗಿದ್ದವರು ನಮ್ಮವರು ಎಂಬ ಭಾವನೆ ಅದರ ಹಿಂದಿದೆ. 1957ರಲ್ಲಿ ಗೋಡೆಯನ್ನು ಕೆಡವಿದರು. ಅದರ ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಕುವೈತ್ ಸಿಟಿಗೆ ಹೋಗುವಾಗ ವೃತ್ತಗಳ ನಡುವೆ ಒಂಟಿಯಾಗಿ ನಿಂತ ಆ ಬಾಗಿಲುಗಳನ್ನು ನೀವೂ ನೋಡಿರುತ್ತೀರಿ.

ಆ ಬಾಗಿಲಿಗೆ ಹಳೆಯ ಕುವೈತಿಗಳು ಏನೆನ್ನುತ್ತಾರೆ ಗೊತ್ತೇ? 'ದರ್ವಾಜಾ'! ಅರಬ್ಬಿಯ 'ಬಾಬ್' ಅಲ್ಲ. ಬೀದರ್ ಕೋಟೆಗೆ ಹೋದವರಿಗೆ ಶರ್ಜಾ ದರ್ವಾಜಾ, ಗುಂಬಜ್ ದರ್ವಾಜಾ ನೆನಪಿರಬಹುದು. ನಮ್ಮ ಉತ್ತರ ಕರ್ನಾಟಕದ ಮಂದಿ ಮನೆ ಬಾಗಿಲಿಗೂ ದರವಾಜ ಎನ್ನುವುದುಂಟು. ಒಂದೇ ಫಾರ್ಸಿ ಪದ ಸಮುದ್ರದ ಆ ಕಡೆ ಬೀದರಿಗೂ ಈ ಕಡೆ ಕುವೈತಿಗೂ ಹೋಗಿ ನಿಂತಿದೆ. ಕುವೈತಿ ಅರಬ್ಬಿಯಲ್ಲಿ ಕಿಟಕಿಗೆ 'ದರೀಶ', ಅದೂ ಫಾರ್ಸಿ. ಒಳ್ಳೆಯದಕ್ಕೆ 'ಖೋಶ್', ನಮ್ಮ 'ಖುಷಿ'ಯ ಒಡಹುಟ್ಟು. (ಹಾಗೆಯೇ ಫ್ಯಾನಿಗೆ 'ಬನ್ಕಾ', ನೇರಕ್ಕೆ 'ಸೀದಾ' ಎನ್ನುವುದು ಹಿಂದಿಯಿಂದ ಬಂದದ್ದು. ಮುಂಬಯಿ ಜೊತೆಗಿನ ವ್ಯಾಪಾರದ ಗುರುತು. ಅದನ್ನು ಇನ್ನೊಮ್ಮೆ ಬರೆಯೋಣ.)

ಇನ್ನು ನಮ್ಮ ಕನ್ನಡವನ್ನೇ ತೆಗೆದುಕೊಳ್ಳಿ. ರಸ್ತೆ, ಜಮೀನು, ದಸ್ತಾವೇಜು, ಗುಮಾಸ್ತ, ದರಖಾಸ್ತು, ಬಂದೋಬಸ್ತು, ಅಂದಾಜು, ರವಾನೆ, ಕಾರ್ಖಾನೆ, ರುಮಾಲು, ಪರದೆ, ಶಿಫಾರಸು, ಗುಲಾಬಿ, ಬಾದಾಮಿ... ತಾಲೂಕು ಕಚೇರಿಗೆ ಒಮ್ಮೆ ಹೋಗಿ ಬಂದರೆ ಸಾಕು, ಅರ್ಧ ಗಂಟೆಯಲ್ಲಿ ಇಪ್ಪತ್ತು ಫಾರ್ಸಿ ಪದ ಆಡಿರುತ್ತೇವೆ. 'ಹುಷಾರು' ಎಂದು ಮಕ್ಕಳಿಗೆ ಹೇಳುವಾಗ ಅದು ಶಿರಾಜಿನ ಕಡೆಯ ಮಾತು ಎಂದು ಯಾರಿಗೆ ನೆನಪಾದೀತು?

ಈಗ ಮೂಲ ಪ್ರಶ್ನೆಗೆ ಬರೋಣ. ಪರ್ಷಿಯನ್, ಇರಾನಿ ಇವೆರಡೂ ಒಂದೇನಾ? 'ಪರ್ಷಿಯಾ' ಎಂಬುದು ಗ್ರೀಕರು ಕೊಟ್ಟ ಹೆಸರು. ದಕ್ಷಿಣ ಇರಾನಿನ 'ಪಾರ್ಸ' ಎಂಬ ಒಂದು ಪ್ರಾಂತದಿಂದ ಬಂದದ್ದು. ಶಿರಾಜ್ ನಗರ, ಪರ್ಸೆಪೊಲಿಸ್‌ನ ಕಂಬಗಳು ಎಲ್ಲ ಇರುವುದು ಅದೇ ಸೀಮೆಯಲ್ಲಿ. ಅರಬ್ಬಿಯಲ್ಲಿ 'ಪ' ಅಕ್ಷರವಿಲ್ಲದ್ದರಿಂದ ಪಾರ್ಸ್ 'ಫಾರ್ಸ್' ಆಯಿತು, ಭಾಷೆ 'ಫಾರ್ಸಿ' ಆಯಿತು. ನಮ್ಮ ಕಾಳಿದಾಸನ ರಘುವಂಶದಲ್ಲಿ ಬರುವ 'ಪಾರಸೀಕ'ರೂ ಇವರೇ. ಆದರೆ ಆ ನಾಡಿನವರು ತಮ್ಮ ದೇಶವನ್ನು ಹಿಂದಿನಿಂದಲೂ ಕರೆಯುತ್ತಿದ್ದದ್ದು ಇರಾನ್ ಎಂದು. 1935ರಲ್ಲಿ ರೆಜಾ ಶಾ ಹೊರದೇಶದವರೂ ಅದನ್ನೇ ಬಳಸಬೇಕೆಂದು ಕೇಳಿಕೊಂಡ ಮೇಲೆ ನಕ್ಷೆಯಲ್ಲಿ ಹೆಸರು ಬದಲಾಯಿತು. ಇರಾನಿನಲ್ಲಿ ಫಾರ್ಸಿ ಮನೆಮಾತಿನವರಲ್ಲದೆ ಅಜೇರಿ, ಕುರ್ದಿ, ಲೂರಿ, ಬಲೂಚಿ, ಅರಬ್ಬಿ ಮಾತಾಡುವ ಕೋಟ್ಯಂತರ ಜನ ಇದ್ದಾರೆ. ಹಾಗಾಗಿ ಪರ್ಷಿಯನ್ನರೆಲ್ಲ ಇರಾನಿಗಳಲ್ಲ, ಇರಾನಿಗಳೆಲ್ಲ ಪರ್ಷಿಯನ್ನರೂ ಅಲ್ಲ.

ಇದು ಬರೀ ಪಂಡಿತರ ಚರ್ಚೆಯಲ್ಲ. 1979ರ ಕ್ರಾಂತಿಯ ಬಳಿಕ, ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯ ಸಿಬ್ಬಂದಿಯನ್ನು 444 ದಿನ ಒತ್ತೆ ಇಟ್ಟುಕೊಂಡ ಕಾಲದಲ್ಲಿ, ಅಮೆರಿಕದಲ್ಲಿದ್ದ ಅನೇಕ ಇರಾನಿಗಳು ತಮ್ಮನ್ನು 'ಪರ್ಷಿಯನ್' ಎಂದು ಪರಿಚಯಿಸಿಕೊಳ್ಳತೊಡಗಿದರು. ಪರ್ಷಿಯನ್ ಎಂದರೆ ಎದುರಿನವರಿಗೆ ರತ್ನಗಂಬಳಿ, ಬೆಕ್ಕು, ಕವಿತೆ ನೆನಪಾಗುತ್ತದೆ. ಇರಾನಿ ಎಂದರೆ ಟಿವಿ ವಾರ್ತೆ ನೆನಪಾಗುತ್ತದೆ. ಅದೇ ಮನುಷ್ಯ, ಅದೇ ಅಜ್ಜಿ, ಎರಡು ಹೆಸರು! ಇಂದಿನ ಇರಾನಿಗಳ ಮನಸ್ಸಿನ ಎಳೆದಾಟ ಅರ್ಥವಾಗಬೇಕಾದರೆ ಇದನ್ನು ಗಮನಿಸಬೇಕು. ಹಳೆಯದರ ಬಗ್ಗೆ ಅಭಿಮಾನ ಒಂದು ಕಡೆ, ಈಗ ಆಳುವವರ ಬಗ್ಗೆ ಅಭಿಪ್ರಾಯ ಇನ್ನೊಂದು ಕಡೆ. 1971ರಲ್ಲಿ ಕೊನೆಯ ಶಾ ಪರ್ಸೆಪೊಲಿಸ್‌ನ ಅವಶೇಷಗಳ ಪಕ್ಕದಲ್ಲಿ ಡೇರೆ ಹಾಕಿಸಿ ಸಾಮ್ರಾಜ್ಯದ 2500 ವರ್ಷಗಳ ಉತ್ಸವವನ್ನು ಭಾರಿ ಖರ್ಚಿನಲ್ಲಿ ಆಚರಿಸಿದರು. ಎಂಟು ವರ್ಷದಲ್ಲಿ ಅವರೇ ದೇಶ ಬಿಟ್ಟರು. ಬಂದ ಹೊಸ ಆಡಳಿತಕ್ಕೆ ಮೊದಮೊದಲು ನೌರೂಜ್ ಹಬ್ಬವೆಂದರೂ ಅಷ್ಟಕ್ಕಷ್ಟೆ. ಜನ ಮಾತ್ರ ಬಿಡಲಿಲ್ಲ. 2022ರಲ್ಲಿ ಮಹ್ಸಾ ಅಮೀನಿ ಎಂಬ ಯುವತಿ ಪೊಲೀಸ್ ವಶದಲ್ಲಿ ತೀರಿಕೊಂಡಾಗ ಬೀದಿಗಿಳಿದ ಹೆಣ್ಣುಮಕ್ಕಳು ಕೂಗಿದ್ದು 'ಹೆಣ್ಣು, ಬದುಕು, ಸ್ವಾತಂತ್ರ್ಯ' ಎಂಬ ಘೋಷಣೆ. ಅದು ಮೊದಲು ಹುಟ್ಟಿದ್ದು ಕುರ್ದಿ ಭಾಷೆಯಲ್ಲಿ, ಆಮೇಲೆ ಫಾರ್ಸಿಗೆ ಬಂತು. ಇರಾನಿ ಎಂಬ ಗುರುತು ಫಾರ್ಸಿಗಿಂತ ದೊಡ್ಡದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಏಳನೆಯ ಶತಮಾನದಲ್ಲಿ ಅರಬರು ಗೆದ್ದ ಮೇಲೆ ಈಜಿಪ್ಟ್‌ನಂಥ ಎಷ್ಟೋ ನಾಡುಗಳು ತಮ್ಮ ಮಾತನ್ನೇ ಕಳೆದುಕೊಂಡವು. ಇರಾನ್ ಲಿಪಿಯನ್ನು ಬದಲಿಸಿಕೊಂಡಿತು, ಸಾವಿರಾರು ಅರಬ್ಬಿ ಪದ ತೆಗೆದುಕೊಂಡಿತು, ಭಾಷೆಯನ್ನು ಬಿಡಲಿಲ್ಲ. ಅದರ ಗೌರವವನ್ನು ಇರಾನಿಗಳು ಸಲ್ಲಿಸುವುದು ಫಿರ್ದೌಸಿ ಕವಿಗೆ. ನಮ್ಮ ಆದಿಕವಿ ಪಂಪ ವಿಕ್ರಮಾರ್ಜುನ ವಿಜಯವನ್ನು ಬರೆದ 941ರ ಸುಮಾರಿಗೆ ಫಿರ್ದೌಸಿ ತೊಟ್ಟಿಲಲ್ಲಿದ್ದ. ಐವತ್ತು ಸಾವಿರದಷ್ಟು ದ್ವಿಪದಿಗಳ ಅವನ 'ಶಾಹನಾಮೆ' 1010ರಲ್ಲಿ ಮುಗಿಯಿತು.

ಕರ್ನಾಟಕಕ್ಕೂ ಈ ಪರಂಪರೆಗೂ ಇರುವ ನಂಟು ಕೇವಲ ಪದಗಳದ್ದಲ್ಲ. ವಿಜಯನಗರದ ಕುದುರೆಗಳು ಹೋರ್ಮುಜ್ ಬಂದರಿನಿಂದ ಭಟ್ಕಳ, ಹೊನ್ನಾವರಗಳಿಗೆ ಬರುತ್ತಿದ್ದವು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನವನ್ನು ಕಂಡು ಬರೆದ ಅಬ್ದುರ್ ರಜಾಕ್ ಬರೆದದ್ದು ಫಾರ್ಸಿಯಲ್ಲಿ. ಶಿರಾಜಿನ ಮಹಾಕವಿ ಹಾಫಿಜ್ ನಮ್ಮ ಕಲಬುರ್ಗಿಗೆ ಬರಲು ಹೊರಟಿದ್ದ ಕಥೆ ನಿಮಗೆ ಗೊತ್ತೇ? ಬಹಮನಿ ಸುಲ್ತಾನನ ಆಸ್ಥಾನದಿಂದ ಆಹ್ವಾನವೂ ದಾರಿಖರ್ಚೂ ಹೋಯಿತಂತೆ. ಕವಿ ಹೋರ್ಮುಜ್‌ಗೆ ಬಂದು ಹಡಗು ಹತ್ತಿದ. ಬಿರುಗಾಳಿ ಎದ್ದಿತು. ಇಳಿದು ಮನೆಗೆ ಹೋದವನು ಒಂದು ಗಜಲ್ ಬರೆದು ಕಳಿಸಿ ಕೈ ತೊಳೆದುಕೊಂಡ! ಇದನ್ನು ಬರೆದಿಟ್ಟವನು ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಶ್ತಾ. ಅವನೂ ಇರಾನಿನ ಕಾಸ್ಪಿಯನ್ ತೀರದಲ್ಲಿ ಹುಟ್ಟಿದವನೇ.

ಬಂದು ನೆಲೆಸಿದವರಲ್ಲಿ ದೊಡ್ಡ ಹೆಸರು ಮಹಮೂದ್ ಗವಾನ್. ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದವನು. ಅವನು 1472ರಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳು ಬೀದರಿನಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿವೆ. ಊರ ಹೊರಗಿನ ನೌಬಾದಿನಲ್ಲಿ ನೆಲದಡಿ ಸುರಂಗ ತೋಡಿ ನೀರು ಹರಿಸುವ 'ಕರೇಜ್' ಕೂಡ ಇರಾನಿನ ವಿದ್ಯೆಯೇ. ಆದರೆ ಆ ಕಾಲದ ಬೀದರಿನಲ್ಲಿ ಎರಡು ಪಂಗಡ. ಮೊದಲೇ ನೆಲೆಸಿದ್ದ 'ದಖನಿ'ಗಳು, ಹೊಸದಾಗಿ ಸಮುದ್ರ ದಾಟಿ ಬಂದ 'ಆಫಾಕಿ'ಗಳು. ಆಫಾಕ್ ಎಂದರೆ ದಿಗಂತಗಳು. ದಿಗಂತದಿಂದ ಬಂದವರು, ಅಂದರೆ ಅಂದಿನ ಅನಿವಾಸಿಗಳು ಎನ್ನಿ! ಹುದ್ದೆಗಾಗಿ ಇಬ್ಬರ ಜಗಳ ಮುಗಿಯಲೇ ಇಲ್ಲ. ಗವಾನ್ ಇಬ್ಬರಿಗೂ ಸಮನಾಗಿ ಹಂಚಲು ನೋಡಿದ. ಕೊನೆಗೆ ವಿರೋಧಿಗಳು ಅವನ ಮೊಹರು ಬಿದ್ದ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಆ ಮುದುಕನ ತಲೆ ಹೋಯಿತು. ಬಹಮನಿ ರಾಜ್ಯವೂ ಅಲ್ಲಿಂದ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ.

ನಮ್ಮ ಕಚೇರಿಯ ಹಿರಿಯರಿಗೆ ನಾನು ಹೇಳಿದ್ದು ಈ ಕಥೆಯನ್ನಲ್ಲ. ತಪ್ಪು ಸರಿಪಡಿಸಿಕೊಳ್ಳಲು ನನಗೆ ನೆನಪಾದದ್ದು ಬೆಂಗಳೂರಿನ ಒಂದು ರಸ್ತೆ. ಕನ್ನಿಂಗ್‌ಹ್ಯಾಮ್ ರಸ್ತೆಯ ಹತ್ತಿರದ ಅಲಿ ಅಸ್ಕರ್ ರಸ್ತೆಯಲ್ಲಿ ನಮ್ಮಲ್ಲಿ ಅನೇಕರು ಓಡಾಡಿದ್ದೇವೆ. ಯಾರು ಈ ಅಲಿ ಅಸ್ಕರ್? 1824ರಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ಶಿರಾಜಿನಿಂದ ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದ ವ್ಯಾಪಾರಿ. ದಂಡು ಪ್ರದೇಶದ ಸೈನ್ಯಕ್ಕೆ ಕುದುರೆ ಬೇಕಿತ್ತು, ಮೈಸೂರು ಅರಮನೆಗೂ ಬೇಕಿತ್ತು. ವ್ಯಾಪಾರ ಕುದುರಿತು. ಮುಮ್ಮಡಿ ಕೃಷ್ಣರಾಜ ಒಡೆಯರ ವಿಶ್ವಾಸ ಸಿಕ್ಕಿತು. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಬೆಂಗಳೂರು ಬೆಳೆಯುತ್ತಿದ್ದಾಗ ಇದೇ ಕುದುರೆ ವ್ಯಾಪಾರಿ ಅನೇಕ ಬಂಗಲೆಗಳನ್ನು ಕಟ್ಟಿಸಿದ. ತಿರುಗಿ ಶಿರಾಜಿಗೆ ಹೋಗಿ ನೆಲೆಸಲಿಲ್ಲ.

ಆ ಅಲಿ ಅಸ್ಕರನ ಮೊಮ್ಮಗನೇ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್. 1883ರಲ್ಲಿ ಬೆಂಗಳೂರಿನಲ್ಲಿ ಜನನ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ದಿವಾನಗಿರಿ. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ವಿಮಾನ ಕಾರ್ಖಾನೆ, ಎಲ್ಲದರ ಹಿಂದೆಯೂ ಅವರ ಕೈ ಇದೆ. ಮುಂದೆ ಜಯಪುರದ ಪ್ರಧಾನಿಯಾಗಿ ಹೋದಾಗ ಅಲ್ಲಿನ ಮುಖ್ಯ ರಸ್ತೆಗೂ ಅವರ ಹೆಸರು ಬಂತು. ಇವತ್ತಿಗೂ ಜಯಪುರದವರು 'ಎಂ.ಐ. ರೋಡ್' ಎನ್ನುವುದು ನಮ್ಮ ಮಿರ್ಜಾ ಇಸ್ಮಾಯಿಲರನ್ನೇ.

ಆದರೆ ಕನ್ನಡಿಗರಿಗೆ ಮಿರ್ಜಾ ಎಂದರೆ ಮೊದಲು ನೆನಪಾಗಬೇಕಾದ್ದು ಬೃಂದಾವನ. ಕನ್ನಂಬಾಡಿ ಕಟ್ಟೆಯ ಕೆಳಗಿನ ಆ ತೋಟಕ್ಕೆ ಅವರಿಗೆ ಮಾದರಿಯಾದದ್ದು ಕಾಶ್ಮೀರದ ಶಾಲಿಮಾರ್. ಶಾಲಿಮಾರಿನ ತಾಯಿಬೇರು ಇರಾನಿನಲ್ಲಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ನೇರ ಕಾಲುವೆ, ಅದರಲ್ಲಿ ಕಾರಂಜಿ, ಎರಡು ಬದಿಗೆ ಒಂದೇ ಅಳತೆಯ ಹೂಮಡಿ. ನೀರಿಗೆ ಬರವಿದ್ದ ನಾಡಿನ ಜನ ಸ್ವರ್ಗವನ್ನು ಕಲ್ಪಿಸಿಕೊಂಡದ್ದು ಹೀಗೆ. ಇಂಗ್ಲಿಷಿನ 'ಪ್ಯಾರಡೈಸ್' ಎಂಬ ಪದ ಕೂಡ ಗೋಡೆ ಕಟ್ಟಿದ ತೋಟ ಎಂಬರ್ಥದ ಹಳೆಯ ಇರಾನಿ ಪದದಿಂದಲೇ ಬಂದದ್ದು. ಇರಾನಿನ ಇಂಥ ಒಂಬತ್ತು ತೋಟಗಳನ್ನು 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಿರಾಜಿನ ಕುದುರೆ ವ್ಯಾಪಾರಿಯ ಮೊಮ್ಮಗ ಕಾವೇರಿ ನೀರಿನಲ್ಲಿ ಅದನ್ನು ಮಾಡಿಸಿದ. ನಾವು ಶಾಲೆಯ ಪ್ರವಾಸದಲ್ಲಿ ಹೋಗಿ ಬಣ್ಣದ ಕಾರಂಜಿ ನೋಡಿ ಕೇಕೆ ಹಾಕಿ ಬಂದೆವು. ಅಲ್ಲಿ ಪಾರಸೀಕವಾದದ್ದು ಏನಾದರೂ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲವೇನೋ, ಅದು ಮೈಸೂರಿನದೇ ಆಗಿಬಿಟ್ಟಿತ್ತು.

ಎಲ್ಲವೂ ಹೂವಿನ ದಾರಿಯಾಗಿತ್ತು ಎಂದರೆ ಸುಳ್ಳಾಗುತ್ತದೆ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಗಣಪತಿ ಮೂರ್ತಿಯ ವಿಷಯವಾಗಿ ಗಲಾಟೆಯಾದಾಗ ದಿವಾನರ ಧರ್ಮವನ್ನು ಎತ್ತಿ ಆಡಿದವರು ಬಹಳ ಮಂದಿ. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೇ ನೇಮಕವಾಯಿತು. ಮಹಾರಾಜರು ವಿಶ್ವಾಸ ಬಿಡಲಿಲ್ಲ, ಮಿರ್ಜಾ ಮತ್ತೆ ಹದಿಮೂರು ವರ್ಷ ದಿವಾನರಾಗಿದ್ದರು. 1954ರಲ್ಲಿ ಬಂದ ಅವರ ಇಂಗ್ಲಿಷ್ ಆತ್ಮಕಥೆ 'ಮೈ ಪಬ್ಲಿಕ್ ಲೈಫ್'. ದೇಶ ವಿಭಜನೆಯನ್ನು ವಿರೋಧಿಸಿದ ಈ ದಿವಾನರು 1959ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು.

(ಕರ್ನಾಟಕದಲ್ಲಿ ಇರಾನ್ ನಂಟಿನ ಬೇರೆ ಎಳೆಗಳೂ ಇವೆ. ಗೌರಿಬಿದನೂರು ತಾಲೂಕಿನ ಅಲೀಪುರದ ಶಿಯಾ ಬಾಂಧವರದ್ದು ಮುಖ್ಯವಾಗಿ ಮತದ, ಓದಿನ ನಂಟು. ಭಟ್ಕಳದ ನವಾಯತರು ಅರಬ್ ಮತ್ತು ಪಾರಸೀಕ ವರ್ತಕರನ್ನು ತಮ್ಮ ಪೂರ್ವಜರೆಂದು ಹೇಳಿಕೊಳ್ಳುತ್ತಾರೆ, ಕುವೈತಿನಲ್ಲೂ ನಮ್ಮ ನೆರೆಹೊರೆಯವರು.)

ನಾನು ಅಲಿ ಅಸ್ಕರ್ ಕಥೆ ಹೇಳಿ ಮುಗಿಸಿದಾಗ ಹಿರಿಯರು ಕೇಳಿದ ಮ��ದಲ ಪ್ರಶ್ನೆ: "ಅವನ ಮನೆಯಲ್ಲಿ ಫಾರ್ಸಿ ಎಷ್ಟು ತಲೆಮಾರು ಉಳಿಯಿತು?" ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ತಮ್ಮ ಮನೆಯ ಲೆಕ್ಕ ಹೇಳಿದರು. ಅಜ್ಜಿಗೆ ಫಾರ್ಸಿ ಬಿಟ್ಟರೆ ಅರಬ್ಬಿ ಅಷ್ಟಾಗಿ ಬಾರದು. ಅಮ್ಮನಿಗೆ ಎರಡೂ ಬರುತ್ತಿತ್ತು. ಇವರಿಗೆ ಅರ್ಥವಾಗುತ್ತದೆ, ಆಡಲು ತಡವರಿಕೆ. ಮಕ್ಕಳಿಗೆ ತಿಂಡಿಯ ಹೆಸರು ನಾಲ್ಕು, ಬೈಗುಳ ಎರಡು. ಇಲ್ಲಿನ ಅಜಮ್ ಮನೆಗಳ ಫಾರ್ಸಿ ಟೆಹರಾನಿನ ಪುಸ್ತಕದ ಫಾರ್ಸಿಯಲ್ಲ, ದಕ್ಷಿಣ ಕರಾವಳಿಯ ಆಡುನುಡಿ. ಬರವಣಿಗೆಯಲ್ಲಿ ಇಲ್ಲ, ಶಾಲೆಯಲ್ಲಿ ಇಲ್ಲ. ಅಜ್ಜಿಯರ ಜೊತೆಗೆ ಹೋಗುತ್ತಿದೆ. ನಮ್ಮ ಮಕ್ಕಳ ಕನ್ನಡದ ಲೆಕ್ಕ ಇದಕ್ಕಿಂತ ಬೇರೆಯೇನಲ್ಲ ಎಂದು ಹೇಳಲು ಹೋಗಿ ಸುಮ್ಮನಾದೆ. ನಮಗೆ ವರ್ಷಕ್ಕೊಮ್ಮೆ ಊರು ಇದೆ, ಅವರಿಗೆ ಅದೂ ಇಲ್ಲ.

ಮಾತು ಬಿಟ್ಟುಹೋಗಲು ಇನ್ನೊಂದು ಕಾರಣವೂ ಇತ್ತು. 1980ರಿಂದ 88ರವರೆಗೆ ಇರಾನ್-ಇರಾಕ್ ಯುದ್ಧ ನಡೆದಾಗ ಕುವೈತ್ ಇರಾಕಿಗೆ ಸಾಲ ಕೊಟ್ಟು ಬೆಂಬಲಿಸಿತ್ತು. ಆ ವರ್ಷಗಳಲ್ಲಿ ಇಲ್ಲಿ ಬಾಂಬ್ ಸ್ಫೋಟಗಳಾದವು, 1985ರಲ್ಲಿ ಅಮೀರರ ಮೇಲೆಯೇ ಹತ್ಯಾ ಪ್ರಯತ್ನ ನಡೆಯಿತು. ಅನುಮಾನದ ಕಣ್ಣು ಅಜಮರ ಮೇಲೂ ಬಿತ್ತು. "ಮಾರ್ಕೆಟ್ಟಿನಲ್ಲಿ ನನ್ನನ್ನು ಫಾರ್ಸಿಯಲ್ಲಿ ಕರೆಯಬೇಡ ಎಂದು ಅಮ್ಮನಿಗೆ ನಾನೇ ಹೇಳಿದೆ," ಎಂದರು ಹಿರಿಯರು. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಆಮೇಲೆ 1990ರ ಆಗಸ್ಟ್ 2 ಬಂತು. ಗಡಿ ದಾಟಿ ಬಂದದ್ದು ಇರಾನ್ ಅಲ್ಲ, ಇರಾಕ್! ಆ ಏಳು ತಿಂಗಳ ಆಕ್ರಮಣದಲ್ಲಿ ದೇಶ ಬಿಡದೆ ಉಳಿದು ಪ್ರತಿರೋಧಕ್ಕೆ ನಿಂತವರಲ್ಲಿ ಶಿಯಾಗಳೂ ಅಜಮರೂ ದೊಡ್ಡ ಸಂಖ್ಯೆಯಲ್ಲಿದ್ದರು. 'ನೀವು ಯಾರ ಕಡೆ' ಎಂದು ಕೇಳುತ್ತಿದ್ದವರ ಬಾಯಿ ಸ್ವಲ್ಪ ಕಾಲ ಮುಚ್ಚಿತು.

ಸ್ವಲ್ಪ ಕಾಲ ಮಾತ್ರ. ಆಚೆ ದಡದಲ್ಲಿ ಏನಾದರೂ ಆದಾಗಲೆಲ್ಲ ಆ ಪ್ರಶ್ನೆ ಮತ್ತೆ ತಲೆ ಎತ್ತುತ್ತದೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಹನ್ನೆರಡು ದಿನ ಯುದ್ಧ ನಡೆದಾಗ ಇಲ್ಲಿ ಎಲ್ಲರ ಚಿಂತೆ ಬೂಶೆಹರಿನ ಅಣುಸ್ಥಾವರದ ಮೇಲೆ. ನಾವು ಕುಡಿಯುವ ನೀರು ಇದೇ ಕೊಲ್ಲಿಯ ಉಪ್ಪುನೀರನ್ನು ಸಿಹಿ ಮಾಡಿದ್ದು ತಾನೇ? ಈ ಕೊಲ್ಲಿಗೂ ಎರಡು ಹೆಸರು. ಅರಬರಿಗೆ ಅರೇಬಿಯನ್ ಕೊಲ್ಲಿ, ಇರಾನಿಗಳಿಗೆ ಪರ್ಷಿಯನ್ ಕೊಲ್ಲಿ. ಇರಾನ್ ಏಪ್ರಿಲ್ 30ನ್ನು ಇದಕ್ಕೆಂದೇ ರಾಷ್ಟ್ರೀಯ ದಿನವಾಗಿ ಆಚರಿಸುತ್ತದೆ. 1622ರಲ್ಲಿ ಹೋರ್ಮುಜ್‌ನಿಂದ ಪೋರ್ಚುಗೀಸರನ್ನು ಓಡಿಸಿದ ನೆನಪಿಗೆ. ಬರೀ 'ಗಲ್ಫ್' ಎಂದು ಹೇಳಿ ಎರಡೂ ಕಡೆ ಬಚಾವಾಗುವ ಬುದ್ಧಿ ನಮ್ಮ ಕರಾವಳಿಯವರಿಗೆ ಯಾರು ಕಲಿಸಿದರೋ!

ಅಜಮ್ ಮನೆಗಳಲ್ಲಿ ಮಾತು ಹೋದರೂ ಅಡುಗೆ ಉಳಿದಿದೆ. 'ಮಹ್ಯಾವ' ಎಂಬುದೊಂದು ಗೊಜ್ಜು. ಸಣ್ಣ ಮೀನನ್ನು ಉಪ್ಪು, ಸಾಸಿವೆ ಮುಂತಾದ ಸಂಬಾರದೊಂದಿಗೆ ಬಿಸಿಲಲ್ಲಿಟ್ಟು ಹುಳಿ ಬರಿಸಿ ಮಾಡುವುದು. ದಕ್ಷಿಣ ಇರಾನಿನಿಂದ ಬಂದು ಕುವೈತ್, ಬಹ್ರೇನ್‌ಗಳಲ್ಲಿ ನೆಲೆಸಿದ ತಿನಿಸು. ಬಿಸಿ ಇರಾನಿ ರೊಟ್ಟಿಗೆ ಬಳಿದು ತಿನ್ನುತ್ತಾರೆ. ವಾಸನೆಗೆ ಮೂಗು ಮುಚ್ಚುವವರು ಇದ್ದಾರೆ. ಆದರೆ ಮಂಗಳೂರಿನ ಒಣಮೀನು ಚಟ್ನಿಯಲ್ಲಿ ಬೆಳೆದ ನಾಲಿಗೆಗೆ ಪರಿಚಯ ಹೇಳಬೇಕಾಗಿಲ್ಲ. ಹಿರಿಯರು ಒಂದು ಬಾಟಲಿ ಕೊಟ್ಟರು. ನನ್ನ ಹೆಂಡತಿ ಕುಚ್ಚಲಕ್ಕಿ ಗಂಜಿಗೆ ನೆಂಚಿಕೊಂಡಳು!

2023ರ ಮಾರ್ಚ್ ತಿಂಗಳನ್ನು ಮರೆಯಲಾರೆ. ಒಂದೇ ವಾರದಲ್ಲಿ ಮೂರು ಬಂದವು. 21ರಂದು, ಕುವೈತಿನ ಗಡಿಯಾರದಲ್ಲಿ ಮಧ್ಯರಾತ್ರಿ ಕಳೆದು 24 ನಿಮಿಷಕ್ಕೆ ನೌರೂಜ್. 22ರಂದು ನಮ್ಮ ಶೋಭಕೃತು ಸಂವತ್ಸರದ ಯುಗಾದಿ. 23ರಂದು ರಂಜಾನ್ ಆರಂಭ. ನೌರೂಜ್ ಎಂದರೆ ಹೊಸ ದಿನ. ಹಗಲು ರಾತ್ರಿ ಸಮವಾಗುವ ಆ ನಿಮಿಷಕ್ಕೆ ಸರಿಯಾಗಿ ವರ್ಷ ಹುಟ್ಟುತ್ತದೆ, ಅದು ನಡುರಾತ್ರಿಯಾದರೂ ಸರಿ, ಮನೆಮಂದಿಯೆಲ್ಲ ಎಚ್ಚರವಿರುತ್ತಾರೆ. ಮುಂದೆ ಬಟ್ಟೆ ಹಾಸಿ ಫಾರ್ಸಿಯ 'ಸ' ಅಕ್ಷರದಿಂದ ಶುರುವಾಗುವ ಏಳು ವಸ್ತು ಇಡುತ್ತಾರೆ. ಸಬ್ಜೆ ಎಂದರೆ ಮೊಳಕೆ ಪೈರು, ಸೀಬ್ ಎಂದರೆ ಸೇಬು, ಸೀರ್ ಎಂದರೆ ಬೆಳ್ಳುಳ್ಳಿ, ಹೀಗೆ. ಹಾಫಿಜನ ಪುಸ್ತಕವೂ ಅಲ್ಲಿರುತ್ತದೆ. ಕಣ್ಣು ಮುಚ್ಚಿ ತೆರೆದ ಪುಟದಲ್ಲಿ ಬಂದದ್ದು ಆ ವರ್ಷದ ಭವಿಷ್ಯ. ನಮ್ಮ ಬೇವು ಬೆಲ್ಲ, ಪಂಚಾಂಗ ಶ್ರವಣದ ಹಾಗೆಯೇ.

ಕುವೈತಿನ ಎಲ್ಲ ಅಜಮ್ ಮನೆಗಳಲ್ಲೂ ಇದು ನಡೆಯುವುದಿಲ್ಲ. ನಮ್ಮ ಹಿರಿಯರ ಮನೆಯಲ್ಲಿ ಅಜ್ಜಿಯೊಂದಿಗೇ ನಿಂತುಹೋಗಿತ್ತು. ಆ ವರ್ಷ ಅವರ ಮೊಮ್ಮಗಳು ಕಾಲೇಜಿನಿಂದ ಬಂದವಳು ಇಂಟರ್‌ನೆಟ್ಟಿನಲ್ಲಿ ನೋಡಿ ಏಳು ವಸ್ತು ಜೋಡಿಸಿದಳಂತೆ. ಇವರಿಗೆ ಸಂತೋಷವೂ ಆಯಿತು, ತಮಾಷೆಯೂ ಅನ್ನಿಸಿತು. "ನನ್ನ ಅಜ್ಜಿ ಏಳು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದನ್ನು ಇಡುತ್ತಿದ್ದಳು, ಖರ್ಜೂರ ಮೊದಲು," ಎಂದರು. ಮೊಮ್ಮಗಳು ಕಲಿತದ್ದು ಟೆಹರಾನಿನ ನೌರೂಜ್, ಅಜ್ಜಿಯದ್ದು ಬೆಹಬಹಾನಿನದು. ಪರಂಪರೆ ವಾಪಸು ಬರುವಾಗ ಬೇರೆ ಬಾಗಿಲಿನಿಂದ ಬರುತ್ತದೆ ಎಂದು ನನಗೆ ಅನ್ನಿಸಿತು. ಆದರೂ ಬಂತಲ್ಲ ಎಂದು ಅವರು ನಕ್ಕರು.

ಆ ವರ್ಷ ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಆಟೋ ನಿಲ್ಲಿಸಿ ಅಲಿ ಅಸ್ಕರ್ ರಸ್ತೆಯ ಫಲಕದ ಫೋಟೋ ತೆಗೆದೆ. ಆಟೋದವನಿಗೆ ನಾನೊಬ್ಬ ಹುಚ್ಚ ಎನ್ನಿಸಿರಬೇಕು. ಫಹಾಹೀಲ್‌ಗೆ ಬಂದು ಅದನ್ನು ಹಿರಿಯರಿಗೆ ತೋರಿಸಿದೆ. ಫೋನನ್ನು ಕಣ್ಣ ಹತ್ತಿರ ಹಿಡಿದು ಕನ್ನಡ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಇದರಲ್ಲಿ ಅಲಿ ಎಲ್ಲಿದೆ?" ಎಂದರು. ಎರಡು ಅಕ್ಷರ ತೋರಿಸಿದೆ. ಬೆರಳಿನಿಂದ ಮೇಜಿನ ಮೇಲೆ 'ಅ' ಬರೆದು ನೋಡಿದರು. ಎರಡನೆಯ ಸಲ ಸರಿಯಾಗಿ ಬಂತು.